ಕುದುರೆಯಿಂದ ಎಂದೂ ಬೀಳದ ಸಾಹೇಬರು

ಶ್ರೀನಿವಾಸಪುರದ ರೈತರ ಮನೆಯಿಂದ ಹೋಗಿ ಸೈನ್ಯದ ಕುದುರೆ ದಳದಲ್ಲಿ ಸವಾರರಾಗಿದ್ದವರು ನಮ್ಮ ಮಾವ. ಊರಿಗೆ ಮರಳಿ ಹಿಪ್ಪುನೇರಳೆ ಬೆಳೆಯುತ್ತಿದ್ದರೂ ನಡಿಗೆ ಮಾತ್ರ ಇವತ್ತಿಗೂ ಕಾಲ ನಡುವೆ ಕುದುರೆಯಿದ್ದಂತೆಯೇ. ಕೋಲಾರದ ಮಿಲಿಟರಿ ಕ್ಯಾಂಟೀನಿನಿಂದ ರಮ್ ತಂದ ದಿನ, ಅದೇ ದಳದಲ್ಲಿದ್ದ ಮಾಲೂರಿನವರೊಬ್ಬರು, ಮುಳಬಾಗಿಲಿನವರೊಬ್ಬರು ನಮ್ಮ ಜಗುಲಿಗೆ ಬರುತ್ತಾರೆ. ಬೋಂಡ ಕರಿದು ಕೊಡುವುದು ನನ್ನ ಪಾಲು. ದೊಡ್ಡವರ ಮಾತಿಗೆ ನಗಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದಾರೆ. ಹಾಗಾಗಿ ಅಡುಗೆಮನೆಗೆ ಬಂದು ನಗುತ್ತೇನೆ.

ಮಾತೆಲ್ಲ ಅವರ ಕಮಾಂಡರ್ ಸಾಹೇಬರದೇ. ದೇಶಕ್ಕೇ ಹೆಸರಾದ ಸವಾರ. ಪದಕ, ಪೋಲೋ, ಪೇಪರಿನಲ್ಲಿ ಫೋಟೋ.

"ಕುದುರೆಗೆ ನೆಗಡಿಯಾದ್ರೆ ಲಾಯದಲ್ಲೇ ಕುರ್ಚಿ ಹಾಕ್ಸ್ಕೊಂಡು ಕೂರೋರು," ಎನ್ನುತ್ತಾರೆ ಮಾಲೂರಿನವರು. "ನಂಗೆ ಜ್ವರ ಬಂದಾಗ, ದೂರ ನಿಂತ್ಕೋ, ಕುದುರೆಗೆ ತಗ್ಲುತ್ತೆ ಅಂದ್ರು."

"ಸರಿಯಾಗೇ ಅಂದ್ರು ಬಿಡ್ಲಾ," ಎನ್ನುತ್ತಾರೆ ಮುಳಬಾಗಿಲಿನವರು. "ನಿನ್ನಂಥೋನು ಬೀದಿಗೊಬ್ಬ ಸಿಗ್ತಾನೆ. ಅಂಥ ಕುದುರೆ ಎಲ್ಲಿಂದ ತರೋದು?"

ಸಾಹೇಬರಿಗೆ ಒಂದು ಕುದುರೆಯ ಹೆಸರೂ ಮರೆಯುತ್ತಿರಲಿಲ್ಲ, ಒಬ್ಬ ಸಿಪಾಯಿಯ ಹೆಸರೂ ನೆನಪಿರುತ್ತಿರಲಿಲ್ಲ ಎಂಬುದರಲ್ಲಿ ಮೂವರಿಗೂ ಒಮ್ಮತ. ಹೊಟ್ಟೆ ತುಂಬ ಬೈದು, ಗ್ಲಾಸು ಕೆಳಗಿಟ್ಟು, ಅಂಥ ಸಾಹೇಬ ಇನ್ನೊಬ್ಬ ಹುಟ್ಟಲ್ಲ ಎನ್ನುತ್ತಾರೆ.

ಆದರೆ ತಮ್ಮನ್ನು ಮಾತ್ರ ಸಾಹೇಬರು ಸಾವಿರ ಜನರಲ್ಲೂ ಗುರುತು ಹಿಡಿಯುತ್ತಾರೆಂಬುದು ಮಾವನ ಹಟ. ಕಾರಣವಿದೆ. ಒಂದು ಬೆಳಿಗ್ಗೆ ಮಾವನ ಹೆಣ್ಣುಕುದುರೆಯನ್ನು ಪರೀಕ್ಷಿಸಲೆಂದು ಸಾಹೇಬರು ಹತ್ತಿದರು. ಅದು ಇಡೀ ದಳದ ಎದುರಿಗೇ ಅವರನ್ನು ಎಡಮಗ್ಗುಲಿಗೆ ಕೆಡವಿತು. ಸವಾರರೆಲ್ಲ ತಂತಮ್ಮ ಕುದುರೆಯ ಕಿವಿ ನೋಡುತ್ತ ನಿಂತರಂತೆ. ಯಾರೂ ನೋಡದ್ದರಿಂದ ಸಾಹೇಬರು ಬೀಳಲಿಲ್ಲ.

ಹೋದ ವರ್ಷ ಆ ಸಾಹೇಬರೇ ಮಾಜಿ ಸೈನಿಕರ ಸಭೆಗೆ ಕೋಲಾರಕ್ಕೆ ಬರುತ್ತಾರೆಂದು ಗೊತ್ತಾಯಿತು.

"ಗುರುತು ಹಿಡೀಲಿಲ್ಲ ಅಂದ್ರೆ ಆ ಮಾತು ಈ ಜಗುಲಿ ಮೇಲೆ ಇನ್ನು ಎತ್ತಬಾರ್ದು ಕಣೋ," ಎಂದರು ಮಾಲೂರಿನವರು.

"ಎತ್ತಲ್ಲ," ಎಂದರು ಮಾವ. ಆಮೇಲೆ ವಾರವಿಡೀ ಬೂಟಿಗೆ ಪಾಲಿಷು ಹಾಕಿದರು.

ಮಾವನಿಗೆ ಮಂಡಿನೋವಿದ್ದುದರಿಂದ ಜೊತೆಗೆ ನಾನೂ ಹೋದೆ. "ಜೀವಮಾನದಲ್ಲಿ ಒಮ್ಮೆಯೂ ಕುದುರೆಯಿಂದ ಬೀಳದ ವೀರ," ಎಂದು ನಿರೂಪಕರು ಸಾಹೇಬರನ್ನು ಪರಿಚಯಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಮೂವರೇ.

ಆಮೇಲೆ ಸಾಲಾಗಿ ಹೋಗಿ ಕೈಕುಲುಕುವುದು. ಮಾಲೂರಿನವರು ತಮ್ಮ ಹೆಸರು ಹೇಳಿದರು. ಸಾಹೇಬರು ಅವರ ತಲೆಯ ಮೇಲಿನ ಫ್ಯಾನು ನೋಡಿದರು. ಕುದುರೆಯ ಹೆಸರು ಹೇಳಿದ್ದೇ ತಡ, ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡು ಅದರ ಗೊರಸು, ಬಾಲ, ಹಟಮಾರಿತನ ಎಲ್ಲವನ್ನೂ ಕೊಂಡಾಡಿದರು. ಹಿಂದಿನ ಸಾಲು ನಿಂತೇ ಇತ್ತು.

ಮಾವನ ಸರದಿ ಬಂತು. ಸೆಲ್ಯೂಟ್ ಹೊಡೆದು ನೇರವಾಗಿ ಆ ಹೆಣ್ಣುಕುದುರೆಯ ಹೆಸರನ್ನೇ ಹೇಳಿದರು. ಸಾಹೇಬರ ನಗು ಅರ್ಧಕ್ಕೆ ನಿಂತಿತು.

"ಅಂಥ ಕುದುರೆ ನಮ್ಮಲ್ಲಿ ಇರಲೇ ಇಲ್ಲ," ಎಂದು ಹಿಂದಿಯಲ್ಲಿ ಹೇಳಿ, ಮುಂದಿನವರ ಕಡೆ ತಿರುಗಿದರು.

ವಾಪಸು ಬರುವ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಕಡಲೆಕಾಯಿ ಕೊಟ್ಟೆ, ಬೇಡವೆಂದರು.

"ಮಾವ, ಇರಲೇ ಇಲ್ಲ ಅನ್ನೋವಾಗ ಸಾಹೇಬರ ಕೈ ಹಿಂದಕ್ಕೆ ಹೋಗಿ ಸೊಂಟ ಸವರಿಕೊಳ್ತು. ನೀವು ನೋಡಲಿಲ್ವಾ?"

"ಮುಖ ನೋಡ್ತಿದ್ದೆ ಕಣಮ್ಮಾ." ನಿಧಾನವಾಗಿ ನನ್ನತ್ತ ತಿರುಗಿದರು. "ಯಾವ ಕಡೆ ಸೊಂಟ?"

"ಎಡಗಡೆ."

ಮಾವ ನನ್ನ ಕೈಯಿಂದ ಕಡಲೆಕಾಯಿ ತೆಗೆದುಕೊಂಡರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಜೇಬಿನಿಂದ ಫೋನು ತೆಗೆದು ಮಾಲೂರಿನವರಿಗೆ ಕರೆ ಮಾಡಿದರು. ಇಡೀ ಬಸ್ಸಿಗೆ ಕೇಳಿಸಿತು.

"ನಿನ್ನ ಬರೀ ಮಾತಾಡಿಸಿದ್ರು ಕಣ್ಲಾ. ಗುರುತು ಹಿಡಿದಿದ್ದು ನನ್ನ."