ಟೆಂಪೋ ಮೇಲಿನ ಭುವನೇಶ್ವರಿ

ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಬ್ಬ ಹುಡುಗಿಗೆ ತಾಯಿ ಭುವನೇಶ್ವರಿಯ ವೇಷ ಹಾಕಿ, ಬಾಳೆಕಂದು ಕಟ್ಟಿದ ಟೆಂಪೋ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಬೀದಿಯ ಸಂಘದ ಕಾರ್ಯದರ್ಶಿ ಮನೆಗೆ ಬಂದು, ಈ ಸಲ ಇವಳೇ ಆಗಲಿ, ಎತ್ತರ ಇದ್ದಾಳೆ, ಕನ್ನಡ ಚೆನ್ನಾಗಿ ಮಾತಾಡುತ್ತಾಳೆ ಅಂದರು. ಅವಳು ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಹಿಡಿದು ಕುಣಿದಳು. ಹಸಿರು ರೇಷ್ಮೆ ಲಂಗ ಕೊಡ್ತಾರಾ, ಕಿರೀಟ ಭಾರ ಇರುತ್ತಾ ಎಂದು ಒಂದೇ ಸಮ ಪ್ರಶ್ನೆ.

ನಮ್ಮ ಮನೆಯವರು ಯೋಚಿಸಿ ಹೇಳುತ್ತೇನೆ ಎಂದರು. ನಾವು ಕ್ರೈಸ್ತರು. ಬಾವುಟಕ್ಕೆ, ನಾಡಗೀತೆಗೆ ನಮ್ಮಲ್ಲಿ ಯಾವತ್ತೂ ತಕರಾರಿರಲಿಲ್ಲ; ಸ್ವಾತಂತ್ರ್ಯ ದಿನಕ್ಕೆ, ಮಕ್ಕಳ ದಿನಕ್ಕೆ ನಾನೇ ಜಡೆ ಹಾಕಿ ಕಳಿಸಿದ್ದೇನೆ. ಆದರೆ ಆರತಿ ಎತ್ತಿಸಿಕೊಳ್ಳುವ ದೇವಿಯಾಗಿ ಕೂರಬಹುದೇ? ವಾರವೆಲ್ಲ ಮನೆಯಲ್ಲಿ ಇದೇ ಮಾತು. ನಾಟಕದ ವೇಷದ ಹಾಗೆ ಅಂದುಕೊಂಡರಾಯಿತು ಎಂದೆ ನಾನು. ಇವರು ಪಾಸ್ಟರನ್ನು ಕೇಳಿಬಂದರು. ಅದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದರಂತೆ ಅವರು. ನಮ್ಮ ಮನೆಯಲ್ಲಿ ಮನಸ್ಸಾಕ್ಷಿ ಅಂದರೆ ಇವರದೇ. ಕೊನೆಗೆ, ಭುವನೇಶ್ವರಿ ಬೇಡ, ಒನಕೆ ಓಬವ್ವ ಆಗಲಿ ಎಂದು ತೀರ್ಮಾನವಾಯಿತು. ಓಬವ್ವ ಮನುಷ್ಯಳು, ಆರತಿಯ ತಾಪತ್ರಯವಿಲ್ಲ.

ಉತ್ತರ ಕೇಳಲು ಬಂದ ಕಾರ್ಯದರ್ಶಿ ಸಿಟ್ಟಾಗಲಿಲ್ಲ. ಓಬವ್ವನ ವೇಷ ಆಗಲೇ ಬೇರೆ ಮಗುವಿಗೆ ಕೊಟ್ಟಾಗಿದೆ ಎಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಬಿಡಿ ಮೇಡಂ, ನಿಮ್ಮೋರಿಗೆ ಹೆಂಗೂ ಡಿಸೆಂಬರ್ ಇದೆಯಲ್ಲ" ಅಂದರು. ನಗುನಗುತ್ತಲೇ ಅಂದದ್ದು. ಮಗಳು ಅಲ್ಲೇ ನಿಂತಿದ್ದಳು. ನಮ್ಮ ಮನೆಯಲ್ಲಿ ಪ್ರಾರ್ಥನೆಯೂ ಕನ್ನಡದಲ್ಲೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಮೆರವಣಿಗೆಯ ದಿನ ಅವಳಿಗೆ ಬೂಂದಿ ಹಂಚುವ ಕೆಲಸ ಕೊಟ್ಟರು. ಟೆಂಪೋ ಮೇಲೆ ಎದುರುಮನೆಯ ಹುಡುಗಿ ಕೂತಿದ್ದಳು. ದಾರಿಯುದ್ದಕ್ಕೂ ಹೆಂಗಸರು ತಟ್ಟೆ ತಂದು ಆರತಿ ಎತ್ತಿದರು, ಕೈಮುಗಿದರು. ಇವರು ನನ್ನ ಕಿವಿಯ ಹತ್ತಿರ ಬಗ್ಗಿ, "ನೋಡಿದ್ಯಾ, ನಾನೇನು ಹೇಳಿದ್ದೆ?" ಎಂದರು. ಹೇಳಿದ್ದು ನಿಜವೇ. ಆ ನಿಜವನ್ನು ಬೂಂದಿ ಬುಟ್ಟಿ ಹಿಡಿದು ನಿಂತ ಮಗುವಿಗೆ ಹೇಗೆ ತಿಳಿಸುವುದು ಎಂದು ಮಾತ್ರ ಇವರೂ ಹೇಳಲಿಲ್ಲ, ಪಾಸ್ಟರೂ ಹೇಳಲಿಲ್ಲ. ಮನೆಗೆ ಬಂದು ಅವಳು ಕೈಯ ಎಣ್ಣೆಜಿಡ್ಡನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಊಟ ಬೇಡ ಅಂದಳು.

ಮರುವರ್ಷ ಸಂಘದವರು ಅವಳನ್ನು ಯಾವುದಕ್ಕೂ ಕೇಳಲಿಲ್ಲ. ರಾಜ್ಯೋತ್ಸವದ ಬೆಳಗ್ಗೆ ಇವರು ಹಳದಿ ಕೆಂಪು ಶಾಲು ಹೊದ್ದು ಬಾವುಟ ಏರಿಸುವಲ್ಲಿಗೆ ಹೊರಟು, ಅವಳನ್ನೂ ಕರೆದರು. ಬಾವುಟಕ್ಕೆ ಬರೋದರಲ್ಲಿ ತಪ್ಪೇನಿಲ್ಲವಲ್ಲ ಎಂದು ಸಮಾಧಾನದ ದನಿಯಲ್ಲೇ ಹೇಳಿದರು.

ಅವಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಲಿಲ್ಲ. "ನೀವು ಹೋಗ್ಬನ್ನಿ ಡ್ಯಾಡಿ. ಅದು ಅವ್ರ ಹಬ್ಬ."

ಇವರು ಶಾಲು ಸರಿಮಾಡಿಕೊಂಡು ಒಬ್ಬರೇ ಮೆಟ್ಟಿಲಿಳಿದರು. ಕೆಳಗೆ ಮೈಕಿನಲ್ಲಿ, ಬೀದಿಯ ಕನ್ನಡಿಗರೆಲ್ಲ ಬೇಗ ಬರಬೇಕು ಎಂದು ಕರೆಯುತ್ತಿದ್ದರು. ಮಗಳು ಎದ್ದು ಹೋಗಿ ಕಿಟಕಿ ಹಾಕಿದಳು.