ಪರದೆಯ ಮೇಲೆ ಬಂದ ದೊಡ್ಡಪ್ಪ

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನ ಮಗಳು ಸವಿತಕ್ಕನ ಮದುವೆ ಜಮಖಂಡಿಯಲ್ಲಿ ನಡೆಯಿತು. ದೊಡ್ಡಪ್ಪ ಅದರ ಹಿಂದಿನ ವರ್ಷವೇ ಎದೆನೋವಿನಿಂದ ತೀರಿಕೊಂಡಿದ್ದರು. ಮಗಳ ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕಬೇಕೆಂಬ ಅವರ ಆಸೆ ಹಾಗೆಯೇ ಉಳಿದಿತ್ತು.

ನಾನು ಹೈದರಾಬಾದಿನಲ್ಲಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವ ಸ್ಟುಡಿಯೊ ಒಂದರಲ್ಲಿದ್ದೇನೆ. ನಾಯಕ ಹಾರುವಾಗ ಸೊಂಟಕ್ಕೆ ಕಟ್ಟಿದ ತಂತಿ ಅಳಿಸುವುದು, ಖಾಲಿ ಮೈದಾನದಲ್ಲಿ ಸೈನ್ಯ ನಿಲ್ಲಿಸುವುದು, ಡೂಪ್ ಹಾಕಿದವನ ಮೈಗೆ ನಾಯಕನ ಮುಖ ಕೂಡಿಸುವುದು, ಇಂಥ ಕೆಲಸ. ನಮ್ಮೂರು ಹುನ್ನೂರದಲ್ಲಿ ಇದು ಯಾರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. "ಕಂಪ್ಯೂಟರದಾಗ ಚಿತ್ರಾ ತಗೀತಾನ" ಎಂದು ಅವ್ವ ಹೇಳುತ್ತಿದ್ದಳು, ಅಷ್ಟೆ. ಈ ಮದುವೆಯಲ್ಲಿ ಎಲ್ಲರಿಗೂ ತೋರಿಸಿಯೇಬಿಡಬೇಕು ಎಂಬ ಹುಕಿ ನನಗೆ ಬಂತು.

ದೊಡ್ಡಪ್ಪನನ್ನೇ ಮದುವೆಗೆ ಕರೆತರುವುದು ನನ್ನ ವಿಚಾರ. ಅವರಷ್ಟೇ ಎತ್ತರದ ಗೆಳೆಯನೊಬ್ಬನಿಗೆ ಧೋತರ ಉಡಿಸಿ, ರುಮಾಲು ಸುತ್ತಿ, ಕೈ ಎತ್ತಿ ಅಕ್ಕಿಕಾಳು ಹಾಕುವ ಹಾಗೆ ವಿಡಿಯೊ ತೆಗೆದೆ. ಮನೆಯ ಹಳೆಯ ವಿಡಿಯೊಗಳಿಂದ ದೊಡ್ಡಪ್ಪನ ಮುಖ ತೆಗೆದು ಅವನಿಗೆ ಕೂಡಿಸಿದೆ. ರಜೆಗಳೆಲ್ಲ ಅದಕ್ಕೇ ಹೋದವು. ಮೀಸೆಯ ಬಿಳಿಕೂದಲು, ಹಣೆಯ ವಿಭೂತಿ, ನಕ್ಕಾಗ ಕಣ್ಣಂಚಿನಲ್ಲಿ ಬೀಳುವ ಗೆರೆ, ಒಂದನ್ನೂ ಬಿಡಲಿಲ್ಲ. ಮನೆಯಲ್ಲಿ ಯಾರಿಗೂ ಸುಳಿವು ಕೊಡಲಿಲ್ಲ.

ಮದುವೆಯ ದಿನ ವೇದಿಕೆಯ ಪಕ್ಕ ವಿಡಿಯೊ ಪರದೆ ಕಟ್ಟಿಸಿದ್ದೆ. ಅಕ್ಕಿಕಾಳು ಬಿದ್ದವು. ಜನ ಊಟಕ್ಕೆ ಏಳುವ ಮೊದಲೇ ನಾನು ಮೈಕ್ ಹಿಡಿದು, "ಎಲ್ಲಾರೂ ಸ್ವಲ್ಪ ಪರದೆ ಕಡೆ ನೋಡ್ರಿ" ಎಂದೆ.

ಕಬ್ಬಿನ ಹೊಲದ ಬದುವಿನ ಮೇಲೆ ದೊಡ್ಡಪ್ಪ ನಡೆದು ಬಂದರು. ನಕ್ಕರು. ಎರಡೂ ಕೈ ಎತ್ತಿ ಅಕ್ಕಿಕಾಳು ಹಾಕಿದರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಖರೇನ ಎದ್ದು ಬಂದಂಗ ಐತಲ್ರೀ!" ಎಂದು ಬೀಗರೊಬ್ಬರು ನನ್ನ ಬೆನ್ನು ತಟ್ಟಿದರು. ನನ್ನ ಎದೆ ಉಬ್ಬಿತು. ಕೊನೆಯ ಚಿತ್ರ, ಕೈ ಎತ್ತಿ ನಿಂತ ದೊಡ್ಡಪ್ಪ, ಪರದೆಯ ಮೇಲೆ ಹಾಗೇ ನಿಂತಿತ್ತು.

ಆಗ ಮುಂದಿನ ಸಾಲಿನಿಂದ ಸವಿತಕ್ಕನ ತಾಯಿ, ನಮ್ಮ ದೊಡ್ಡವ್ವ ಎದ್ದಳು. ಪರದೆಯ ಹತ್ತಿರ ಹೋಗಿ ಮುಖವನ್ನಲ್ಲ, ಕೈಗಳನ್ನೇ ನೋಡುತ್ತ ನಿಂತಳು. ತಿರುಗಿ ನನ್ನನ್ನು ಕೇಳಿದಳು:

"ಬಸೂ, ಇವು ಯಾರ ಕೈ ಅದಾವೋ?"

ಯಾಕೆ ಕೇಳುತ್ತಾಳೆಂದು ನನಗೆ ತಿಳಿಯಲಿಲ್ಲ. "ದೊಡ್ಡಪ್ಪಂದ ಬೇ" ಎಂದೆ.

"ಅವರ ಕೈ ಹಿಂಗ ಎಲ್ಲಿತ್ತೋ?"

ಚಪ್ಪಾಳೆ ನಿಂತುಹೋಗಿತ್ತು. ವೇದಿಕೆಯ ಮೇಲೆ ಸವಿತಕ್ಕ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ದೊಡ್ಡಪ್ಪನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಸವಿತಕ್ಕ ಸಣ್ಣವಳಿದ್ದಾಗ ಆಡುತ್ತ ಆಡುತ್ತ ಕಬ್ಬಿನ ಗಾಣಕ್ಕೆ ಕೈ ಹಾಕಲು ಹೋಗಿದ್ದಳು. ಅವಳನ್ನು ಹಿಂದಕ್ಕೆ ದೂಡುವಾಗ ಅವರ ಕೈ ಸಿಕ್ಕಿಕೊಂಡಿತ್ತು. ಇದು ಊರಿಗೆಲ್ಲ ಗೊತ್ತು. ನನಗೂ ಗೊತ್ತು. ಆ ಕೈಯಿಂದಲೇ ಅವರು ಮುರಿದುಕೊಟ್ಟ ಬಿಸಿ ಬೆಲ್ಲ ತಿಂದು ಬೆಳೆದವನು ನಾನು. ಮೀಸೆಯ ಕೂದಲನ್ನೂ ಬಿಡದವನು ಆ ಕೈಯನ್ನು ಮರೆತಿದ್ದೆ.

ಊಟದ ಗದ್ದಲದಲ್ಲಿ ಸವಿತಕ್ಕ ಒಬ್ಬಳೇ ಸಿಕ್ಕಾಗ ಹತ್ತಿರ ಹೋದೆ. ಏನಾದರೂ ಹೇಳಿ ಸಮಾಧಾನ ಮಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು: "ಸಿಟ್ಟಾಗಬ್ಯಾಡ ಅಕ್ಕಾ. ಎರಡು ಬೆರಳು ತಗ್ಯೂದು ಹತ್ತು ನಿಮಿಷದ ಕೆಲಸ. ಇವತ್ತ ಸರಿ ಮಾಡಿ ಕೊಡ್ತೇನಿ."

ಅವಳು ನನ್ನನ್ನೇ ನೋಡಿದಳು. "ಆ ಬೆರಳು ನನ್ನ ಸಲುವಾಗಿ ಹ್ವಾದುವು. ನಿನಗ ಅದು ಹತ್ತು ನಿಮಿಷದ ಕೆಲಸ ಏನೋ ತಮ್ಮಾ?"

ನಾನು ಊಟಕ್ಕೆ ಕೂಡ್ರಲಿಲ್ಲ. ಮದುವೆ ನಡೆದ ಮಂಗಲ ಕಾರ್ಯಾಲಯದ ಹಿಂದೆ, ಪಾತ್ರೆ ತೊಳೆಯುವಲ್ಲಿ ಹೋಗಿ ನಿಂತೆ.

ಈಗಲೂ ಊರಿಗೆ ಹೋದಾಗ ದೊಡ್ಡವ್ವ ಕರೆದು ರೊಟ್ಟಿ ಬಡಿಸುತ್ತಾಳೆ, ಮೊಸರು ಹಾಕುತ್ತಾಳೆ, "ಸೊರಗೀದೆಲ್ಲೋ" ಅನ್ನುತ್ತಾಳೆ. ಆ ದಿನದ ಮಾತು ಮಾತ್ರ ಎತ್ತುವುದಿಲ್ಲ. ಒಮ್ಮೆಯಾದರೂ ಬೈದುಬಿಟ್ಟರೆ ತಲೆ ಎತ್ತಿ ಉಣ್ಣಬಹುದಿತ್ತು ಅನ್ನಿಸುತ್ತದೆ.