ತಾಸಿಗೆ ಎರಡು ಕಿಲೋ

ಬಿ.ಇಡಿ. ಅಭ್ಯಾಸ ಪಾಠಕ್ಕೆ ನನ್ನನ್ನು ಬ್ಯಾಡಗಿಯ ಒಂದು ಶಾಲೆಗೆ ಹಾಕಿದ್ದರು. ದಿನನಿತ್ಯದ ಒಂದು ಸಂಗತಿಯನ್ನು ಗಣಿತಕ್ಕೆ ಇಳಿಸಿ ತೋರಿಸಬೇಕಿತ್ತು. ಊರಿಗೆ ತಕ್ಕಂತೆ ಇರಲಿ ಎಂದು ನಾನು ಮೆಣಸಿನಕಾಯಿ ಹಿಡಿದೆ. ಒಬ್ಬ ಹೆಣ್ಣುಮಗಳು ತಾಸಿಗೆ ಎರಡು ಕಿಲೋ ಕಾಯಿಯ ತೊಟ್ಟು ಬಿಡಿಸಿದರೆ ಎಂಟು ತಾಸಿಗೆ ಎಷ್ಟು?

ಕಿಟಕಿ ಪಕ್ಕದ ರೇಣುಕಾ ಎದ್ದು ನಿಂತಳು. ಅದುವರೆಗೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಹದಿನಾರು ಆಗೂದಿಲ್ರೀ ಟೀಚರ್. ಮಧ್ಯಾಹ್ನದ ಮ್ಯಾಲೆ ನಮ್ಮವ್ವನ ಕೈ ಉರೀತಾವ್ರಿ. ಆಮ್ಯಾಲೆ ತಾಸಿಗೆ ಒಂದು ಕಿಲೋನೂ ಆಗೂದಿಲ್ರಿ."

ಅಂಕ ಹಾಕಲು ನಮ್ಮ ಕಾಲೇಜಿನ ಸರ್ ಹಿಂದೆ ಕೂತಿದ್ದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಬರೆದುಕೊಂಡು ಬಂದ ವಾಕ್ಯ ಬಿಟ್ಟರೆ ಕನ್ನಡದಲ್ಲಿ ಬೇರೆ ಮಾತು ಹೊಳೆಯುತ್ತಿರಲಿಲ್ಲ. "ಅದೆಲ್ಲಾ ಬ್ಯಾಡ, ಗುಣಾಕಾರ ಮಾಡು" ಎಂದೆ. ಹುಡುಗರು ನಕ್ಕರು. ಅವಳು ಕೂತಳು.

ಪಾಠ ಮುಗಿದ ಮೇಲೆ ಸರ್ ಮೆಲ್ಲಗೆ, "ಏನವಾ, ಆ ಹುಡುಗಿ ಹೇಳಿದ್ದ ಖರೇ ಗಣಿತ. ನೀ ಹೇಳಿದ್ದು ಬರೇ ಮಗ್ಗಿ" ಎಂದರು.

ಮರುದಿನ ಅವಳ ಬೆಂಚಿನ ಹತ್ತಿರ ಹೋಗಿ, "ನಿಮ್ಮವ್ವನ ಕೈ ಉರಿಯೂದನ್ನೂ ಹಿಡಿದು ಮತ್ತೊಮ್ಮೆ ಲೆಕ್ಕ ಮಾಡೋಣೇನು?" ಎಂದು ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ಬ್ಯಾಡ್ರೀ ಟೀಚರ್. ನೀವು ಹೇಳಿದ್ದ ಖರೇ ಐತ್ರಿ. ಹದಿನಾರ ಆಗ್ತೈತ್ರಿ."

ಆ ತಿಂಗಳು ಮುಗಿಯುವವರೆಗೂ ಅವಳು ಮತ್ತೆ ಎದ್ದು ನಿಲ್ಲಲಿಲ್ಲ. ನಾನು ಕಲಿಸಿದ್ದನ್ನು ಅಷ್ಟು ಲಗೂ, ಅಷ್ಟು ಪೂರ್ತಿ ಕಲಿತ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ.